ಅಮೆರಿಕದ ಪದವಿ ಪ್ರವೇಶ: ಹೊಸ ವಿದ್ಯಾರ್ಥಿಯೋ, ವರ್ಗಾವಣೆ ವಿದ್ಯಾರ್ಥಿಯೋ?

ಪಿಯುಸಿ ಮುಗಿದ ಮೇಲೆ ಯಾವುದಾದರೂ ಕಾಲೇಜಿನಲ್ಲಿ ದಾಖಲಾಗಿದ್ದೀರಾ? ಅಮೆರಿಕದ ವಿಶ್ವವಿದ್ಯಾಲಯಗಳ ಪದವಿ ತರಗತಿಗೆ ಹೊರದೇಶದಿಂದ ಅರ್ಜಿ ಹಾಕುವವರ ಮಟ್ಟಿಗೆ ಮುಂದಿನದೆಲ್ಲ ಈ ಒಂದು ಪ್ರಶ್ನೆಯ ಉತ್ತರದ ಮೇಲೆ ನಿಂತಿದೆ. ಇಲ್ಲ ಎಂದಾದರೆ ಅರ್ಜಿದಾರನು ಪ್ರಥಮ ವರ್ಷದ ವಿದ್ಯಾರ್ಥಿ. ಹೌದು ಎಂದಾದರೆ, ಬಹುತೇಕ ಕಡೆ, ವರ್ಗಾವಣೆ ವಿದ್ಯಾರ್ಥಿ, ಅಂದರೆ ಅಲ್ಲಿನವರು ಟ್ರಾನ್ಸ್‌ಫರ್ ಎಂದು ಕರೆಯುವ ವರ್ಗದವನು. ಎರಡಕ್ಕೂ ಅರ್ಜಿ ನಮೂನೆ ಬೇರೆ, ಕೊನೆಯ ದಿನಾಂಕ ಬೇರೆ, ಕೇಳುವ ದಾಖಲೆಗಳು ಬೇರೆ, ಸೀಟು ಸಿಗುವ ಸಂಭವವೂ ಬೇರೆ. ನಮ್ಮಲ್ಲಿ ಹೆಚ್ಚಿನ ಗೊಂದಲ ಹುಟ್ಟುವುದು ಈ ವಿಂಗಡಣೆಯನ್ನು ಕಡೆಯಲ್ಲಿ ಗಮನಿಸುವುದರಿಂದ.

ಕರ್ನಾಟಕದಲ್ಲಿ ಸಾಮಾನ್ಯವಾಗಿ ನಡೆಯುವುದನ್ನೇ ತೆಗೆದುಕೊಳ್ಳೋಣ. ವಿದ್ಯಾರ್ಥಿನಿಯೊಬ್ಬಳು ಸಿಇಟಿಯಲ್ಲಿ ಬಂದ ಸೀಟನ್ನು ಕೈಬಿಡಲು ಮನಸ್ಸಿಲ್ಲದೆ ಬಿ.ಇ.ಗೆ ಸೇರುತ್ತಾಳೆ. ಇಲ್ಲಿ ತರಗತಿಗಳು ನಡೆಯುತ್ತಿರುವಾಗಲೇ, ಮುಂದಿನ ವರ್ಷ ಅಮೆರಿಕಕ್ಕೆ ಹೋಗೋಣವೆಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಲು ಕುಳಿತುಕೊಳ್ಳುತ್ತಾಳೆ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೊ ಮೊದಲಾದ ಒಂಬತ್ತು ಕ್ಯಾಂಪಸ್‌ಗಳಲ್ಲಿ ಪದವಿ ಶಿಕ್ಷಣ ನೀಡುವ ಆ ವಿಶ್ವವಿದ್ಯಾಲಯದ ನಿಯಮದಂತೆ, ಹನ್ನೆರಡನೆಯ ತರಗತಿ ಮುಗಿದ ನಂತರ ಕಾಲೇಜೊಂದರ ಕ್ರಮಬದ್ಧ ಅವಧಿಯಲ್ಲಿ ಓದಿದವರು ಪ್ರಥಮ ವರ್ಷದ ಅರ್ಜಿದಾರರಲ್ಲ. ವರ್ಗಾವಣೆಯ ಬಾಗಿಲು ಅಲ್ಲಿ ತೆರೆಯುವುದಾದರೋ ಪ್ರಧಾನವಾಗಿ ಮೂರನೆಯ ವರ್ಷಕ್ಕೆ: ಓದಿನ ಪ್ರಮಾಣವನ್ನು ಅಳೆಯುವ ಕ್ರೆಡಿಟ್ ಲೆಕ್ಕದಲ್ಲಿ, ವರ್ಗವಾಗಬಲ್ಲ 60 ಸೆಮಿಸ್ಟರ್ ಕ್ರೆಡಿಟ್, ಅಥವಾ ಅದಕ್ಕೆ ಸಮನಾದ 90 ಕ್ವಾರ್ಟರ್ ಕ್ರೆಡಿಟ್ ಕೈಯಲ್ಲಿರಬೇಕು. ಹಾಗಾಗಿ ಒಂದು ವರ್ಷ ಬಿ.ಇ. ಓದಿದವಳು ಪ್ರಥಮ ವರ್ಷಕ್ಕೆ ತಡವಾದವಳು, ವರ್ಗಾವಣೆಗೆ ಬೇಗ ಬಂದವಳು. ಇದನ್ನು ಆಗಸ್ಟ್‌ನಲ್ಲಿ ಯಾರಾದರೂ ಹೇಳಿದ್ದರೆ ಅವಳು ಬೇರೆ ಲೆಕ್ಕ ಹಾಕುತ್ತಿದ್ದಳು.

ಎಲ್ಲ ಕಡೆಯೂ ಹೀಗೇ ಇರುವುದಿಲ್ಲ. ನಿಗದಿತ ಸಂಖ್ಯೆಯ ಕ್ರೆಡಿಟ್ ದಾಟುವವರೆಗೆ ಅರ್ಜಿದಾರನನ್ನು ಪ್ರಥಮ ವರ್ಷದವನೆಂದೇ ನೋಡುವ ಸಂಸ್ಥೆಗಳಿವೆ. ಹಾರ್ವರ್ಡ್ ವಿಶ್ವವಿದ್ಯಾಲಯವು ಕಾಲೇಜಿನಲ್ಲಿ ಕನಿಷ್ಠ ಒಂದು ವರ್ಷ ಓದಿದ, ಆದರೆ ಎರಡು ವರ್ಷ ಮೀರದವರನ್ನು ವರ್ಗಾವಣೆಗೆ ಪರಿಗಣಿಸುತ್ತದೆ. ಅಲ್ಲಿ ಸಿಗುವ ಸ್ಥಾನಗಳು ಮಾತ್ರ ಬೆರಳೆಣಿಕೆಯವು. ಆದ್ದರಿಂದ ಪ್ರತಿ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಮೊದಲು ಹುಡುಕಬೇಕಾದ ಪುಟವೆಂದರೆ ವರ್ಗಾವಣೆ ವಿದ್ಯಾರ್ಥಿ ಎಂದರೆ ಯಾರು ಎಂದು ವಿವರಿಸುವ ಪುಟ. ಬಿ.ಇ.ಗೆ ಸೇರಿದ್ದನ್ನು ಅರ್ಜಿಯಲ್ಲಿ ಬರೆಯದಿದ್ದರಾಯಿತು ಎಂದು ಸಲಹೆ ಕೊಡುವವರೂ ಉಂಟು. ಓದಿದ ಎಲ್ಲ ಸಂಸ್ಥೆಗಳ ವಿವರ ನೀಡಿದ್ದೇನೆಂದು ಅರ್ಜಿದಾರನು ಸಹಿ ಮಾಡಿಯೇ ಅರ್ಜಿ ಸಲ್ಲಿಸಬೇಕಾದ್ದರಿಂದ, ಮುಚ್ಚಿಟ್ಟದ್ದು ಯಾವಾಗ ಹೊರಬಂದರೂ, ಓದು ಅರ್ಧ ಮುಗಿದ ಮೇಲೆ ಹೊರಬಂದರೂ, ಪ್ರವೇಶ ರದ್ದಾಗಬಹುದು. ಅಂಥ ಸಲಹೆಗಾರರಿಂದ ದೂರವಿರುವುದೇ ಲೇಸು.

ಪ್ರಥಮ ವರ್ಷದ ಪ್ರವೇಶದ ವಿಷಯಕ್ಕೆ ಬಂದರೆ, ನಮ್ಮ ಪರೀಕ್ಷಾ ಪ್ರಾಧಿಕಾರದಂತೆ ಎಲ್ಲ ಸೀಟುಗಳನ್ನೂ ಒಂದೇ ರ‍್ಯಾಂಕ್ ಪಟ್ಟಿಯಿಂದ ಹಂಚುವ ಸಂಸ್ಥೆ ಅಮೆರಿಕದಲ್ಲಿಲ್ಲ. ಸಾವಿರಕ್ಕೂ ಹೆಚ್ಚು ಕಾಲೇಜುಗಳು ಒಪ್ಪುವ ಕಾಮನ್ ಆ್ಯಪ್ ಎಂಬ ಸಾಮಾನ್ಯ ಅರ್ಜಿ ಇದೆಯಾದರೂ ಅದು ಅರ್ಜಿಯನ್ನು ತಲುಪಿಸುತ್ತದೆಯೇ ಹೊರತು ಸೀಟು ಹಂಚುವುದಿಲ್ಲ. ಮ್ಯಾಸಚೂಸೆಟ್ಸ್‌ನ ಎಂಐಟಿಗೆ ತನ್ನದೇ ಅರ್ಜಿ ಇದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೂ ಇದೆ. ಸಿಇಟಿ ಅಥವಾ ಜೆಇಇ ರ‍್ಯಾಂಕನ್ನು ಅರ್ಜಿಯಲ್ಲಿ ಬರೆದುಕೊಳ್ಳಬಹುದು, ಒಳ್ಳೆಯ ರ‍್ಯಾಂಕ್ ಆಗಿದ್ದರೆ ಬರೆಯಲೂಬೇಕು, ಆದರೆ ಅದರ ಬಲದ ಮೇಲೆ ಸೀಟು ಕೇಳುವ ಹಕ್ಕು ಹುಟ್ಟುವುದಿಲ್ಲ. ಹಲವು ವರ್ಷಗಳ ಅಂಕ, ಆರಿಸಿಕೊಂಡ ವಿಷಯಗಳು, ಶಿಕ್ಷಕರ ಅಭಿಪ್ರಾಯ, ತರಗತಿಯ ಹೊರಗಿನ ಕೆಲಸ, ಪ್ರಬಂಧ ಇವೆಲ್ಲವನ್ನೂ ಒಟ್ಟಿಗೆ ಇಟ್ಟು ಓದುವುದು ಅಲ್ಲಿನ ಪದ್ಧತಿ.

ಅಂಕಪಟ್ಟಿ ಎಂದರೆ ಅಲ್ಲಿ ನಾಲ್ಕು ವರ್ಷದ್ದು. ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗಿನ ಅವಧಿಯೇ ಅವರ ಹೈಸ್ಕೂಲು. ನಮ್ಮ ಲೆಕ್ಕದಲ್ಲಿ ಇದು ಎರಡು ಸಂಸ್ಥೆಗಳಲ್ಲಿ ಹಂಚಿಹೋಗಿರುತ್ತದೆ: ಒಂಬತ್ತನೆಯ ತರಗತಿ ಮತ್ತು ಎಸ್ಸೆಸ್ಸೆಲ್ಸಿ ಒಂದು ಶಾಲೆಯಲ್ಲಿ, ಪ್ರಥಮ ಮತ್ತು ದ್ವಿತೀಯ ಪಿಯುಸಿ ಇನ್ನೊಂದು ಕಾಲೇಜಿನಲ್ಲಿ. 625 ಅಂಕಗಳ ಎಸ್ಸೆಸ್ಸೆಲ್ಸಿ ಪಟ್ಟಿಯೂ 600 ಅಂಕಗಳ ದ್ವಿತೀಯ ಪಿಯುಸಿ ಪಟ್ಟಿಯೂ ಮಂಡಳಿಯಿಂದ ಬರುವುದರಿಂದ ಅವುಗಳ ಬಗ್ಗೆ ತಕರಾರಿಲ್ಲ. ತೊಂದರೆ ಕೊಡುವುದು ಒಂಬತ್ತನೆಯ ತರಗತಿ. ಅದರ ದಾಖಲೆ ಎಂದರೆ ಅನೇಕ ಶಾಲೆಗಳಲ್ಲಿ ಕೈಬರಹದ ಪ್ರಗತಿ ಪತ್ರ ಮಾತ್ರ. ಮನೆಯಲ್ಲಿ ಅದು ಎಲ್ಲಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಹಳೆಯ ಶಾಲೆಗೆ ಹೋಗಿ, ದಾಖಲಾತಿ ಪುಸ್ತಕದಿಂದ ವಿಷಯವಾರು ಅಂಕಗಳನ್ನು ತೆಗೆಸಿ, ಶಾಲೆಯ ಲೆಟರ್‌ಹೆಡ್ ಮೇಲೆ ಮುಖ್ಯೋಪಾಧ್ಯಾಯರ ಸಹಿ ಮೊಹರಿನೊಂದಿಗೆ ಬರೆಸಿಕೊಳ್ಳಬೇಕಾಗುತ್ತದೆ. ದಾಖಲೆ ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದವನ್ನು ಅದರ ಜೊತೆಗೇ ಕೊಡಬೇಕು, ಬದಲಿಗೆ ಅಲ್ಲ.

ಇನ್ನೊಂದು ತೊಡಕು ಕಾಲದ್ದು. ಬೇಗನೆ ಅರ್ಜಿ ಹಾಕುವವರ ಗಡುವು ಸಾಮಾನ್ಯವಾಗಿ ನವೆಂಬರ್ 1ರ ಆಸುಪಾಸು, ಉಳಿದವರದು ಜನವರಿಯ ಮೊದಲ ದಿನಗಳಲ್ಲಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ಜಿ ಆಗಸ್ಟ್‌ನಲ್ಲೇ ತೆರೆದರೂ ಸಲ್ಲಿಸುವ ಅವಧಿ ಅಕ್ಟೋಬರ್‌ನಲ್ಲಿ ಶುರುವಾಗಿ ನವೆಂಬರ್ ಕೊನೆಯ ಹೊತ್ತಿಗೆ ಮುಗಿಯುತ್ತದೆ. ನಮ್ಮ ದ್ವಿತೀಯ ಪಿಯುಸಿ ಪರೀಕ್ಷೆ ನಡೆಯುವುದು ಮಾರ್ಚ್ ವೇಳೆಗೆ. ಆದ್ದರಿಂದ ಅರ್ಜಿಯ ಸಮಯಕ್ಕೆ ಉಪನ್ಯಾಸಕರು ನೀಡುವ ನಿರೀಕ್ಷಿತ ಅಂಕಗಳು, ಆಮೇಲೆ ಮಧ್ಯವಾರ್ಷಿಕ ಮತ್ತು ಪೂರ್ವಸಿದ್ಧತಾ ಪರೀಕ್ಷೆಗಳ ಅಂಕಗಳು ಹೋಗುತ್ತವೆ. ಮಂಡಳಿಯ ಫಲಿತಾಂಶ ಕೊನೆಗೆ. ಇಲ್ಲಿ ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳದ ಮಧ್ಯವಾರ್ಷಿಕ ಪರೀಕ್ಷೆ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಸಿಕ್ಕಿದ ಪ್ರವೇಶವೂ ಷರತ್ತಿನದು, ಅಂತಿಮ ಅಂಕಗಳು ನಿರೀಕ್ಷೆಗಿಂತ ತೀರ ಕುಸಿದರೆ ವಿಶ್ವವಿದ್ಯಾಲಯವು ಕೊಟ್ಟದ್ದನ್ನು ಹಿಂಪಡೆಯಬಹುದು. ಬೇಗನೆ ಹಾಕುವ ಅರ್ಜಿಗಳಲ್ಲೂ ಎರಡು ಬಗೆ ಇವೆ ಎಂಬುದನ್ನು ಮರೆಯಬಾರದು: ಅರ್ಲಿ ಡಿಸಿಷನ್ ಎಂಬುದರಲ್ಲಿ ಸೀಟು ಕೊಟ್ಟರೆ ಸೇರಲೇಬೇಕೆಂಬ ಕಟ್ಟುಪಾಡಿದೆ, ಅರ್ಲಿ ಆ್ಯಕ್ಷನ್‌ನಲ್ಲಿ ಅದಿಲ್ಲ. ಹಣಕಾಸಿನ ಚಿತ್ರ ಖಚಿತವಾಗದ ಕುಟುಂಬ ಮೊದಲನೆಯದಕ್ಕೆ ಕೈಹಾಕದಿರುವುದು ಒಳ್ಳೆಯದು.

ಕಾಮನ್ ಆ್ಯಪ್‌ನಲ್ಲಿ ಶಾಲೆಯ ಕಡೆಯಿಂದ ಕೌನ್ಸೆಲರ್, ಅಂದರೆ ವಿದ್ಯಾರ್ಥಿ ಸಲಹೆಗಾರರು, ಒಬ್ಬರು ವರದಿ ತುಂಬಬೇಕು. ನಮ್ಮ ಬಹುತೇಕ ಪಿಯು ಕಾಲೇಜುಗಳಲ್ಲಿ ಅಂಥ ಹುದ್ದೆಯೇ ಇಲ್ಲ. ಪ್ರಾಂಶುಪಾಲರೋ ಹಿರಿಯ ಉಪನ್ಯಾಸಕರೋ ಅದನ್ನು ತುಂಬಬಹುದು. ಅವರು ಕಾಲೇಜಿನ ಅಧಿಕೃತ ಇಮೇಲ್ ವಿಳಾಸದಿಂದ ಕಳುಹಿಸುವುದು ಮುಖ್ಯ, ಏಕೆಂದರೆ ಖಾಸಗಿ ಜಿಮೇಲ್ ವಿಳಾಸದಿಂದ ಬಂದ ಶಿಫಾರಸನ್ನು ಅಲ್ಲಿನವರು ಅನುಮಾನದಿಂದ ನೋಡುತ್ತಾರೆ. ಶೇಕಡಾವಾರು ಅಂಕಗಳನ್ನು ನಾಲ್ಕಕ್ಕೆ ಎಣಿಸುವ ಜಿಪಿಎ ಎಂಬ ಸರಾಸರಿ ಗ್ರೇಡಿಗೆ ತಾವೇ ಪರಿವರ್ತಿಸಿ ಬರೆಯುವುದು ಸಾಮಾನ್ಯ ತಪ್ಪು. ಶೇ. 88 ಬಂದಿದ್ದರೆ ಶೇ. 88 ಎಂದೇ ಬರೆಯಬೇಕು. ಪರಿವರ್ತನೆ ಅವರ ಕೆಲಸ, ಅದಕ್ಕೆ ಅವರ ಬಳಿ ದೇಶವಾರು ಕೋಷ್ಟಕಗಳಿರುತ್ತವೆ.

ಅಂಕದಷ್ಟೇ ವಿಷಯಗಳ ಆಯ್ಕೆಯೂ ಮುಖ್ಯ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು ಇತಿಹಾಸ, ಇಂಗ್ಲಿಷ್, ಗಣಿತ, ವಿಜ್ಞಾನ, ಇಂಗ್ಲಿಷೇತರ ಭಾಷೆ ಮುಂತಾದ ವಿಭಾಗಗಳಲ್ಲಿ ಒಟ್ಟು 15 ವಾರ್ಷಿಕ ಕೋರ್ಸುಗಳನ್ನು ನಿರೀಕ್ಷಿಸುತ್ತದೆ. ಆ ರಾಜ್ಯದ ನಿವಾಸಿಗಳಲ್ಲದವರಿಗೆ ಕನಿಷ್ಠ ಜಿಪಿಎ 3.4, ನಿವಾಸಿಗಳಿಗೆ 3.0. ಇದು ಹೊಸ್ತಿಲು ಮಾತ್ರ, ಬರ್ಕ್ಲಿಯಂಥ ಕಡೆ ಪ್ರವೇಶ ಪಡೆದವರ ಸರಾಸರಿ ಇದಕ್ಕಿಂತ ಬಹಳ ಮೇಲಿರುತ್ತದೆ. ಭಾಷೆಯ ಅಂಕಣದಲ್ಲಿ ಕನ್ನಡ ಓದಿದವರು ಅಳುಕಬೇಕಿಲ್ಲ. ಶಾಲೆಯಲ್ಲಿ ವರ್ಷಗಟ್ಟಲೆ ಓದಿದ ಕನ್ನಡವನ್ನು ಕಡ್ಡಾಯವಾಗಿ ನಮೂದಿಸಬೇಕು. ಪಿಯುಸಿಯಲ್ಲಿ ಗಣಿತ ಬಿಟ್ಟು ವಾಣಿಜ್ಯ ಓದಿದವರಿಗೆ ಮಾತ್ರ ನಿಜವಾದ ಅಡ್ಡಿ ಎದುರಾಗುತ್ತದೆ. ಎಂಜಿನಿಯರಿಂಗ್ ಅಂತೂ ದೂರದ ಮಾತು, ಅರ್ಥಶಾಸ್ತ್ರ ಅಥವಾ ಬಿಸಿನೆಸ್ ವಿಭಾಗಗಳೂ ಕಲನಶಾಸ್ತ್ರವನ್ನು ಬಯಸುವುದುಂಟು.

ಪರೀಕ್ಷೆಗಳ ಬಗ್ಗೆ ಹಳೆಯ ಮಾಹಿತಿ ಈಗಲೂ ಹರಿದಾಡುತ್ತಿದೆ. ಕೋವಿಡ್ ಕಾಲದಲ್ಲಿ ಸ್ಯಾಟ್ ಎಂಬ ಪ್ರವೇಶ ಪರೀಕ್ಷೆ ಬೇಡವೆಂದ ಅನೇಕ ಸಂಸ್ಥೆಗಳು ಮನಸ್ಸು ಬದಲಿಸಿವೆ: ಎಂಐಟಿ 2022ರಲ್ಲಿ, ಡಾರ್ಟ್‌ಮತ್, ಯೇಲ್, ಬ್ರೌನ್, ಹಾರ್ವರ್ಡ್, ಕ್ಯಾಲ್‌ಟೆಕ್ 2024ರಲ್ಲಿ ಪರೀಕ್ಷಾ ಅಂಕಗಳನ್ನು ಮತ್ತೆ ಬೇಡುವ ನಿರ್ಧಾರ ಪ್ರಕಟಿಸಿದವು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಇದಕ್ಕೆ ತದ್ವಿರುದ್ಧ. ಅಲ್ಲಿ ಪ್ರವೇಶ ನಿರ್ಧಾರಕ್ಕೆ ಸ್ಯಾಟ್ ಅಂಕ ಕಳುಹಿಸಿದರೂ ನೋಡುವುದಿಲ್ಲ. 1600 ಅಂಕಗಳ ಈ ಪರೀಕ್ಷೆ ಅಮೆರಿಕದ ಹೊರಗೆ 2023ರ ಮಾರ್ಚ್‌ನಿಂದಲೇ ಕಂಪ್ಯೂಟರ್ ಮೇಲೆ ನಡೆಯುತ್ತಿದ್ದು, ಎರಡೂಕಾಲು ಗಂಟೆಯೊಳಗೆ ಮುಗಿಯುತ್ತದೆ. ಇಂಗ್ಲಿಷ್ ಸಾಮರ್ಥ್ಯದ ವಿಷಯದಲ್ಲಂತೂ ಸಂಸ್ಥೆಗೊಂದು ನಿಯಮ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ್ದೇ ಸಾಕು ಎನ್ನುವವರಿದ್ದಾರೆ. ಭಾರತದಲ್ಲಿ ಓದಿದವರೆಲ್ಲರೂ ಟೋಫೆಲ್ ಅಥವಾ ಐಇಎಲ್‌ಟಿಎಸ್ ಬರೆಯಲೇಬೇಕು ಎನ್ನುವವರೂ ಇದ್ದಾರೆ. ಈ ಎರಡೂ ಪರೀಕ್ಷೆಗಳ ಅಂಕ ಎರಡು ವರ್ಷ ಮಾತ್ರ ಊರ್ಜಿತ, ಹಾಗಾಗಿ ಪ್ರಥಮ ಪಿಯುಸಿಗೆ ಮುನ್ನವೇ ಬರೆದು ಮುಗಿಸುವ ಅವಸರದಿಂದ ಪ್ರಯೋಜನವಿಲ್ಲ.

ಪ್ರಬಂಧದ ಬಗ್ಗೆ ಒಂದೇ ಮಾತು. ಕಾಮನ್ ಆ್ಯಪ್ ಪ್ರಬಂಧದ ಮಿತಿ 650 ಪದ. ಕ್ಯಾಲಿಫೋರ್ನಿಯಾದಲ್ಲಿ ಎಂಟು ಪ್ರಶ್ನೆಗಳ ಪೈಕಿ ನಾಲ್ಕಕ್ಕೆ ತಲಾ 350 ಪದ. ಹಣ ತೆಗೆದುಕೊಂಡು ಬರೆದುಕೊಡುವವರ ಪ್ರಬಂಧಗಳೆಲ್ಲ ಒಂದೇ ಅಚ್ಚಿನವಾಗಿರುವುದನ್ನು ದಿನಕ್ಕೆ ಹತ್ತಾರು ಅರ್ಜಿ ಓದುವವರು ಗುರುತಿಸದೆ ಇರಲಾರರು.

ವರ್ಗಾವಣೆಯ ದಾರಿ ಇದಕ್ಕಿಂತ ಜಟಿಲ. ಇಲ್ಲಿ ಪ್ರವೇಶ ಕೊಡುವ ಕಚೇರಿ ಒಂದು, ಹಿಂದೆ ಓದಿದ್ದರಲ್ಲಿ ಎಷ್ಟು ಕ್ರೆಡಿಟ್ ಮಾನ್ಯವೆಂದು ತೀರ್ಮಾನಿಸುವ ಕಚೇರಿ ಇನ್ನೊಂದು. ಕ್ರೆಡಿಟ್ ಮಾನ್ಯವಾದ ಮೇಲೂ ಅದು ಪದವಿಯ ಯಾವ ಅಗತ್ಯವನ್ನು ಪೂರೈಸುತ್ತದೆ ಎನ್ನುವುದನ್ನು ವಿಭಾಗವು ಹೇಳಬೇಕು. ಎರಡನೆಯ ವರ್ಷ ಮುಗಿಸಿ ಹೋದವರು ಅಲ್ಲಿ ನೇರವಾಗಿ ಮೂರನೆಯ ವರ್ಷಕ್ಕೆ ಕೂರುತ್ತಾರೆ ಎಂಬುದು ಈ ಮೂರೂ ಕಡೆ ಹೌದು ಎಂದಾಗ ಮಾತ್ರ ನಿಜ. ಮಾನ್ಯವಾದ ಕ್ರೆಡಿಟ್ ಕೂಡ ಕೇವಲ ಐಚ್ಛಿಕ ವಿಷಯವಾಗಿ ಕುಳಿತುಕೊಂಡರೆ ಪದವಿ ಬೇಗ ಮುಗಿಯುವುದಿಲ್ಲ.

ಕ್ರೆಡಿಟ್‌ಗಳ ಸಂಖ್ಯೆಯನ್ನೇ ನೋಡಿ. ಅಮೆರಿಕದ ನಾಲ್ಕು ವರ್ಷದ ಪದವಿ ಸಾಮಾನ್ಯವಾಗಿ 120 ಸೆಮಿಸ್ಟರ್ ಕ್ರೆಡಿಟ್‌ಗಳದ್ದು, ವರ್ಷಕ್ಕೆ 30. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ, ಅಂದರೆ ವಿಟಿಯುವಿನ, ಇತ್ತೀಚಿನ ಸ್ಕೀಮುಗಳಲ್ಲಿ, ಅಂದರೆ ಕೆಲ ವರ್ಷಗಳಿಗೊಮ್ಮೆ ಬದಲಾಗುವ ಪಠ್ಯಯೋಜನೆಗಳಲ್ಲಿ, ನಾಲ್ಕು ವರ್ಷಕ್ಕೆ 160, ವರ್ಷಕ್ಕೆ ಸುಮಾರು 40. ಇಲ್ಲಿಯ 40 ಅಲ್ಲಿಯೂ 40 ಆಗುತ್ತದೆಂದು ನಂಬಿ ಲೆಕ್ಕ ಹಾಕಬಾರದು. ಮೌಲ್ಯಮಾಪಕರು ಸಾಮಾನ್ಯವಾಗಿ ಒಂದು ಪೂರ್ಣ ವರ್ಷದ ಓದನ್ನು ತಮ್ಮ ಒಂದು ವರ್ಷಕ್ಕೆ ಸರಿದೂಗಿಸುತ್ತಾರೆ. ಆಮೇಲೆ ವಿಷಯವಾರು ಜರಡಿ ಹಿಡಿಯುವ ಕೆಲಸ. ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ, ಪ್ರೋಗ್ರಾಮಿಂಗ್ ಪತ್ರಿಕೆಗಳಿಗೆ ಸಮಾನವಾದ ಕೋರ್ಸ್ ಅಲ್ಲಿ ಸುಲಭವಾಗಿ ಸಿಗುತ್ತದೆ. ಭಾರತದ ಸಂವಿಧಾನ, ಸಾಂಸ್ಕೃತಿಕ ಕನ್ನಡ ಅಥವಾ ಬಳಕೆ ಕನ್ನಡದಂಥ ಒಂದು ಕ್ರೆಡಿಟ್ ಪತ್ರಿಕೆಗಳು ಹೆಚ್ಚೆಂದರೆ ಐಚ್ಛಿಕಗಳಾಗುತ್ತವೆ. ವಿಟಿಯು ಪ್ರಥಮ ವರ್ಷದಲ್ಲಿ ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್ ಎಂಬ ಎರಡು ಸರದಿಗಳಿರುವುದರಿಂದ, ಒಂದೇ ಸೆಮಿಸ್ಟರ್ ಮುಗಿಸಿ ಹೊರಡುವವರ ಪಟ್ಟಿಯಲ್ಲಿ ಇವೆರಡರಲ್ಲಿ ಒಂದು ಇರುವುದೇ ಇಲ್ಲ. ಅರ್ಜಿಗೆ ಮುನ್ನ ಎರಡೂ ಸೈಕಲ್ ಮುಗಿದಿರುವಂತೆ ನೋಡಿಕೊಂಡರೆ ಒಂದು ವರ್ಷದ ಲೆಕ್ಕ ಸರಿಯಾಗಿ ಕೂರುತ್ತದೆ.

ಇತ್ತ ಬಿ.ಇ.ಯಲ್ಲಿ ಇಲ್ಲದ್ದು ಅಲ್ಲಿ ಕಡ್ಡಾಯವಾಗಿರುತ್ತದೆ. ಇಂಗ್ಲಿಷ್ ಬರವಣಿಗೆ, ಸಮಾಜ ವಿಜ್ಞಾನ, ಮಾನವಿಕ ವಿಷಯಗಳ ಕೋರ್ಸುಗಳನ್ನು ಎಂಜಿನಿಯರಿಂಗ್ ವಿದ್ಯಾರ್ಥಿಯೂ ಮಾಡಲೇಬೇಕು. ಟೆಕ್ಸಾಸ್‌ನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ರಾಜ್ಯದ ಕಾನೂನಿನಂತೆ ಅಮೆರಿಕದ ಇತಿಹಾಸ ಮತ್ತು ಸರ್ಕಾರ ವ್ಯವಸ್ಥೆಯ ಕುರಿತು ತಲಾ ಆರು ಕ್ರೆಡಿಟ್ ಓದದೆ ಪದವಿ ದೊರೆಯುವುದಿಲ್ಲ. ಅದಕ್ಕೆ ವಿಟಿಯುವಿನ ಯಾವ ಪತ್ರಿಕೆಯೂ ಸಮನಾಗದು. ಕೊನೆಯ ಸುಮಾರು 30 ಕ್ರೆಡಿಟ್‌ಗಳನ್ನಾದರೂ ತಮ್ಮಲ್ಲೇ ಓದಬೇಕೆಂಬ ನಿಯಮ ಅನೇಕ ವಿಶ್ವವಿದ್ಯಾಲಯಗಳಲ್ಲಿದೆ. ಸಾಮಾನ್ಯವಾಗಿ ಸಿ ಅಥವಾ ಅದಕ್ಕಿಂತ ಮೇಲಿನ ಗ್ರೇಡ್ ಬಂದ ವಿಷಯ ಮಾತ್ರ ವರ್ಗವಾಗುತ್ತದೆ, ಹಾಗಾಗಿ ದಡ ಸೇರುವಷ್ಟು ಅಂಕದಿಂದ ಪಾಸಾದ ಪತ್ರಿಕೆ ಇಲ್ಲಿ ಪಾಸು, ಅಲ್ಲಿ ಶೂನ್ಯ ಆಗಬಹುದು. ಒಂದು ಸಮಾಧಾನವೂ ಉಂಟು: ಕ್ರೆಡಿಟ್ ವರ್ಗವಾದರೂ ಹಳೆಯ ಜಿಪಿಎ ಸಾಮಾನ್ಯವಾಗಿ ಜೊತೆಗೆ ಬರುವುದಿಲ್ಲ, ಹೊಸ ಸಂಸ್ಥೆಯಲ್ಲಿ ಅದು ಮೊದಲಿನಿಂದ ಶುರುವಾಗುತ್ತದೆ.

ಹೋಲಿಕೆಯ ಈ ಕೆಲಸ ನಡೆಯುವುದು ಪಠ್ಯಕ್ರಮದ ಪ್ರತಿಯ ಆಧಾರದ ಮೇಲೆ. ಪ್ರತಿ ಪತ್ರಿಕೆಯ ಮಾಡ್ಯೂಲುಗಳು, ಬೋಧನೆಯ ಗಂಟೆಗಳು, ಪ್ರಯೋಗಾಲಯದ ಅವಧಿ, ಪಠ್ಯಪುಸ್ತಕಗಳು ಇವೆಲ್ಲ ಇರುವ ಸಿಲಬಸ್ಸನ್ನು ತಾನು ಓದಿದ ಸ್ಕೀಮಿನದ್ದನ್ನೇ ತೆಗೆದಿಟ್ಟುಕೊಳ್ಳಬೇಕು. ಸ್ಕೀಮು ಬದಲಾದ ಮೇಲೆ ಹಳೆಯದು ಜಾಲತಾಣದಲ್ಲಿ ಎಲ್ಲೋ ಹುದುಗಿಹೋಗುತ್ತದೆ. ಅಧಿಕೃತ ಟ್ರಾನ್ಸ್‌ಕ್ರಿಪ್ಟ್ ಎಲ್ಲಿಂದ ಪಡೆಯಬೇಕು ಎಂಬುದೂ ಕಾಲೇಜನ್ನು ಅವಲಂಬಿಸಿದೆ. ಸ್ವಾಯತ್ತ ಕಾಲೇಜಾದರೆ ಅಲ್ಲಿನ ಪರೀಕ್ಷಾ ನಿಯಂತ್ರಕರ ಕಚೇರಿಯನ್ನು ಮೊದಲು ವಿಚಾರಿಸಬೇಕು, ಕೇವಲ ಸಂಯೋಜಿತ ಕಾಲೇಜಾದರೆ ವಿಶ್ವವಿದ್ಯಾಲಯವನ್ನು. ಕೆಲವು ಸಂಸ್ಥೆಗಳು ಈ ದಾಖಲೆಗಳನ್ನು ತಾವೇ ಪರಿಶೀಲಿಸುತ್ತವೆ. ಹಲವು ಸಂಸ್ಥೆಗಳು ಡಬ್ಲ್ಯೂಇಎಸ್, ಇಸಿಇಯಂಥ ಮೌಲ್ಯಮಾಪನ ಸಂಸ್ಥೆಯಿಂದ ಕೋರ್ಸ್‌ವಾರು ವರದಿ ತರಲು ಹೇಳುತ್ತವೆ. ಕೋರ್ಸ್‌ವಾರು ಎಂಬ ಮಾತನ್ನು ಗಮನಿಸಬೇಕು. ಕಡಿಮೆ ಶುಲ್ಕದ ಸಾರಾಂಶ ವರದಿ ತರಿಸಿದರೆ ವರ್ಗಾವಣೆಗೆ ಅದು ಉಪಯೋಗಕ್ಕೆ ಬರುವುದಿಲ್ಲ. ಇನ್ನು ಎಸ್ಸೆಸ್ಸೆಲ್ಸಿ, ಪಿಯುಸಿಯ ಮೂಲ ಅಂಕಪಟ್ಟಿಗಳನ್ನು ಪ್ರವೇಶದ ವೇಳೆ ಪಡೆದು, ಬಿಟ್ಟುಹೋಗುವವರಿಗೆ ಕೊಡಲು ಸತಾಯಿಸುವ ಕಾಲೇಜುಗಳ ಕಥೆ ಎಲ್ಲರಿಗೂ ಗೊತ್ತಿರುವಂಥದ್ದು. ವಿದ್ಯಾರ್ಥಿಗಳ ಮೂಲ ದಾಖಲೆಗಳನ್ನು ಇಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ 2018ರಲ್ಲೇ ಅಧಿಸೂಚನೆ ಹೊರಡಿಸಿದೆ. ಅರ್ಜಿಯಲ್ಲಿ ಅದನ್ನು ಉಲ್ಲೇಖಿಸಿ ಕೇಳಿದರೆ ಕಚೇರಿಯ ಧಾಟಿ ಬದಲಾಗುವುದುಂಟು.

ವರ್ಗಾವಣೆಯನ್ನು ಮೊದಲಿನಿಂದಲೇ ಯೋಚಿಸಿ ಹೋಗುವ ಇನ್ನೊಂದು ದಾರಿಯೂ ಇದೆ, ನಮ್ಮಲ್ಲಿ ಅದರ ಚರ್ಚೆ ಕಡಿಮೆ. ಪಿಯುಸಿ ಮುಗಿಸಿ ನೇರವಾಗಿ ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜೊಂದಕ್ಕೆ, ಅಂದರೆ ಪದವಿಯ ಮೊದಲೆರಡು ವರ್ಷದ ಓದು ಕೊಡುವ ಸ್ಥಳೀಯ ಸರ್ಕಾರಿ ಕಾಲೇಜಿಗೆ, ಸೇರಿ, ಎರಡು ವರ್ಷದ ನಂತರ ವಿಶ್ವವಿದ್ಯಾಲಯಕ್ಕೆ ದಾಟುವುದು. ಈ ಕಾಲೇಜುಗಳಲ್ಲಿ ಪ್ರವೇಶದ ಪೈಪೋಟಿ ಇಲ್ಲವೆಂದೇ ಹೇಳಬಹುದು, ಶುಲ್ಕವೂ ವಿಶ್ವವಿದ್ಯಾಲಯದ್ದಕ್ಕಿಂತ ಬಹಳ ಕಡಿಮೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು ವರ್ಗಾವಣೆಯಲ್ಲಿ ತನ್ನ ರಾಜ್ಯದ ಕಮ್ಯುನಿಟಿ ಕಾಲೇಜುಗಳವರಿಗೇ ಮೊದಲ ಆದ್ಯತೆ ಕೊಡುತ್ತದೆ. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್ ಈ ಆರು ಕ್ಯಾಂಪಸ್‌ಗಳು ನಿಗದಿತ ಕೋರ್ಸು ಮತ್ತು ಜಿಪಿಎ ಪೂರೈಸಿದವರಿಗೆ ಪ್ರವೇಶದ ಖಾತ್ರಿಯನ್ನೇ ನೀಡುವ ಟ್ಯಾಗ್ ಎಂಬ ವ್ಯವಸ್ಥೆಯನ್ನು ಇಟ್ಟುಕೊಂಡಿವೆ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೊ ಅದರಲ್ಲಿಲ್ಲ, ಕಂಪ್ಯೂಟರ್ ಸೈನ್ಸ್‌ನಂಥ ಕೆಲವು ವಿಭಾಗಗಳನ್ನು ಆರರಲ್ಲಿಯೂ ಕೆಲವು ಕ್ಯಾಂಪಸ್‌ಗಳು ಹೊರಗಿಡುತ್ತವೆ. ಯಾವ ಕಾಲೇಜಿನ ಯಾವ ಕೋರ್ಸು ಯಾವುದಕ್ಕೆ ಸಮ ಎಂಬ ಕೋಷ್ಟಕ ಮೊದಲೇ ಸಿದ್ಧವಿರುವುದರಿಂದ, ಮೇಲೆ ಹೇಳಿದ ಸಿಲಬಸ್ ಹೋಲಿಕೆಯ ಪಾಡು ಇಲ್ಲಿಲ್ಲ. ಬಿ.ಇ. ಮಧ್ಯದಲ್ಲಿ ಬಿಟ್ಟು ವರ್ಗಾವಣೆಗೆ ಹೊರಡುವುದಕ್ಕಿಂತ ಇದು ಹೆಚ್ಚು ಭರವಸೆಯ ದಾರಿ ಎಂಬುದು ನನ್ನ ಅಭಿಪ್ರಾಯ, ನೆಂಟರಿಷ್ಟರಿಗೆ ಹೇಳುವಾಗ ಕಾಲೇಜಿನ ಹೆಸರಿಗೆ ತೂಕ ಸಾಲದು ಎನಿಸಬಹುದಷ್ಟೆ.

ಹಣದ ವಿಷಯ ಎರಡು ವರ್ಗಗಳಿಗೂ ಕಠಿಣ. ಕುಟುಂಬದ ಆರ್ಥಿಕ ಸ್ಥಿತಿಯನ್ನು ನೋಡದೆಯೇ ಪ್ರವೇಶ ನಿರ್ಧರಿಸುವ ನೀತಿಯನ್ನು ಹೊರದೇಶದ ಪ್ರಥಮ ವರ್ಷದ ಅರ್ಜಿದಾರರಿಗೂ ಅನ್ವಯಿಸುವ ಸಂಸ್ಥೆಗಳು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್, ಡಾರ್ಟ್‌ಮತ್, ಬೋಡನ್ ಮುಂತಾದ ಕೆಲವೇ. ಉಳಿದೆಡೆ ನೆರವು ಕೇಳುವುದು ನಿರ್ಧಾರದ ಮೇಲೆ ಪರಿಣಾಮ ಬೀರಬಹುದು, ಮತ್ತು ವರ್ಗಾವಣೆಯವರಿಗೆ ಇರುವ ವಿದ್ಯಾರ್ಥಿವೇತನಗಳು ಇನ್ನೂ ಕಡಿಮೆ. ಪ್ರವೇಶ ಸಿಕ್ಕ ಮೇಲೆ ಮೊದಲ ವರ್ಷದ ಪೂರ್ತಿ ವೆಚ್ಚಕ್ಕೆ ಹಣವಿದೆಯೆಂಬುದನ್ನು ಬ್ಯಾಂಕ್ ಪತ್ರದಿಂದಲೋ ಶಿಕ್ಷಣ ಸಾಲದ ಮಂಜೂರಾತಿ ಪತ್ರದಿಂದಲೋ ತೋರಿಸಬೇಕು; ಆಗ ವಿಶ್ವವಿದ್ಯಾಲಯವು ಐ-20 ಎಂಬ ನಮೂನೆಯನ್ನು ಕೊಡುತ್ತದೆ. ಅದು ಕೈಗೆ ಬಂದ ನಂತರವೇ ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ದಾಖಲೆಯಾದ ಸೆವಿಸ್‌ನ 350 ಡಾಲರ್‌ಗಳ ಶುಲ್ಕ, ಎಫ್-1 ಎಂಬ ವಿದ್ಯಾರ್ಥಿ ವೀಸಾದ ಅರ್ಜಿ, ಸಂದರ್ಶನ.

ಕನ್ನಡಿಗರಿಗೆ ಇಲ್ಲೊಂದು ವಿಶೇಷ ತಾಪತ್ರಯ ಕಾದಿರುತ್ತದೆ: ಇನಿಶಿಯಲ್. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಚೈತ್ರ ಕೆ. ಎಸ್.’ ಎಂದಿರುತ್ತದೆ, ಪಾಸ್‌ಪೋರ್ಟಿನಲ್ಲಿ ಊರಿನ ಹೆಸರೂ ತಂದೆಯ ಹೆಸರೂ ಪೂರ್ತಿಯಾಗಿ ಬಿಡಿಸಿಕೊಂಡಿರುತ್ತವೆ, ಅಥವಾ ಕುಲನಾಮದ ಜಾಗ ಖಾಲಿಯಾಗಿಯೇ ಇರುತ್ತದೆ. ಖಾಲಿ ಇದ್ದರೆ ಅಮೆರಿಕದ ವೀಸಾದಲ್ಲಿ ಇದ್ದ ಹೆಸರು ಕುಲನಾಮದ ಜಾಗಕ್ಕೆ ಹೋಗಿ, ಹೆಸರಿನ ಜಾಗದಲ್ಲಿ ‘ಹೆಸರು ತಿಳಿದಿಲ್ಲ’ ಎಂಬರ್ಥದ ಎಫ್‌ಎನ್‌ಯು ಎಂಬ ಮೂರು ಅಕ್ಷರಗಳು ಅಚ್ಚಾಗುತ್ತವೆ. ಅರ್ಜಿ, ಸ್ಯಾಟ್, ಟೋಫೆಲ್ ಎಲ್ಲವನ್ನೂ ಪಾಸ್‌ಪೋರ್ಟಿನ ಹೆಸರಿನಲ್ಲೇ ನೋಂದಾಯಿಸುವುದು ಕ್ಷೇಮ. ಅಂಕಪಟ್ಟಿಯ ಹೆಸರೂ ಪಾಸ್‌ಪೋರ್ಟಿನ ಹೆಸರೂ ಒಬ್ಬರದ್ದೇ ಎಂದು ಕಾಲೇಜಿನಿಂದ ಒಂದು ಪತ್ರ ಬರೆಸಿಟ್ಟುಕೊಂಡರೆ ಮುಂದಿನ ಪತ್ರವ್ಯವಹಾರ ಹಗುರವಾಗುತ್ತದೆ.

ಈಗಾಗಲೇ ಅಮೆರಿಕದಲ್ಲಿದ್ದು ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹೋಗುವವರ ವಿಷಯದಲ್ಲಿ ವರ್ಗಾವಣೆ ಎಂಬ ಹೆಸರಿನಲ್ಲಿ ಎರಡು ಕೆಲಸಗಳು ನಡೆಯುತ್ತವೆ. ಓದಿನ ವರ್ಗಾವಣೆ ಒಂದು. ಸೆವಿಸ್ ಎಂಬ ಸರ್ಕಾರಿ ದಾಖಲೆಯ ವರ್ಗಾವಣೆ ಇನ್ನೊಂದು. ಹೊಸ ಕಾಲೇಜು ಸೀಟು ಕೊಟ್ಟ ಮೇಲೆ ಹಳೆಯ ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಗೆ ತಿಳಿಸಿ, ದಾಖಲೆ ಬಿಡುಗಡೆಯ ದಿನಾಂಕವನ್ನು ಒಪ್ಪಿಕೊಳ್ಳಬೇಕು. ಹೊಸ ಐ-20 ಬರುವುದು ಆಮೇಲೆಯೇ, ಮತ್ತು ಹೊಸ ತರಗತಿ ಐದು ತಿಂಗಳೊಳಗೆ ಆರಂಭವಾಗುವಂತಿರಬೇಕು. ಆ ದಿನಾಂಕ ದಾಟಿದ ಮೇಲೆ ಹಳೆಯ ಕಾಲೇಜಿಗೆ ಆ ದಾಖಲೆಯ ಮೇಲೆ ಹಿಡಿತವಿರುವುದಿಲ್ಲ, ಅಲ್ಲಿ ಕ್ಯಾಂಪಸ್ ಕೆಲಸವನ್ನೂ ಮುಂದುವರಿಸುವಂತಿಲ್ಲ. ಹೀಗಾಗಿ ಎರಡು ಮೂರು ಕಡೆ ಸೀಟು ಸಿಕ್ಕಿರುವವರು ಯಾವುದಕ್ಕೆ ಹೋಗುವುದೆಂದು ಪೂರ್ತಿ ನಿರ್ಧರಿಸಿಕೊಂಡು, ಆ ಸೆಮಿಸ್ಟರಿನ ಕೊನೆಯ ಪರೀಕ್ಷೆ ಮುಗಿದ ನಂತರದ ದಿನಾಂಕವನ್ನೇ ಕೇಳಿ ಪಡೆಯಬೇಕು.